ತೆರಿಗೆ ಬಿಟ್ಟರೆ ದೇವದುರ್ಗಕ್ಕೆ ಕಾರ್ಖಾನೆ ಬರುತ್ತಾ?

ಓದುಗರ ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಶಿಕ್ಷಕ. ಊರು ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿ. ಸುಗ್ಗಿ ಮುಗಿಯುತ್ತಲೇ ನಮ್ಮಲ್ಲಿ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಬೆಂಗಳೂರು, ಪುಣೆ ಕಡೆ ಗುಳೆ ಹೋಗುತ್ತಾರೆ. ನಾನು ಪಾಠ ಹೇಳಿದ ಹುಡುಗರೇ ಅಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದಾರೆ. ತಾಲ್ಲೂಕಿಗೆ ವಿಶೇಷ ಕೈಗಾರಿಕಾ ವಲಯ ಕೊಡಿ, ಬರುವ ಕಂಪನಿಗಳಿಗೆ ಹತ್ತು ವರ್ಷ ತೆರಿಗೆ ಬೇಡ ಎಂದು ನಮ್ಮ ಸಮಿತಿ ಸರ್ಕಾರಕ್ಕೆ ಮನವಿ ಕೊಡಲಿದೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಸಮಿತಿಯಲ್ಲಿ ಎರಡು ಗುಂಪು. ‘ತೆರಿಗೆ ಬಿಟ್ಟರೆ ಸಾಕು, ಕಂಪನಿಗಳು ತಾವೇ ಬರುತ್ತವೆ’ ಎಂದು ಒಂದು ಗುಂಪು. ‘ಸಬ್ಸಿಡಿ ತಿಂದು ಓಡಿಹೋಗುತ್ತಾರೆ’ ಎಂದು ಇನ್ನೊಂದು. ಯಾರು ಸರಿ? ಮನವಿಯಲ್ಲಿ ಏನು ಕೇಳಬೇಕು? ಜೊತೆಗೆ ಒಂದು ಸ್ವಂತ ವಿಷಯ. ರಸ್ತೆ ಬದಿಯಲ್ಲಿ ನಮ್ಮ ಅಣ್ಣತಮ್ಮಂದಿರ ನಾಲ್ಕು ಎಕರೆ ಇದೆ. ವಲಯದ ಸುದ್ದಿ ಎದ್ದಾಗಿನಿಂದ ಬ್ರೋಕರ್‌ಗಳು ಮುಂಗಡ ಹಿಡಿದುಕೊಂಡು ಬರುತ್ತಿದ್ದಾರೆ. ಕೊಡಬಹುದೇ?

ಉತ್ತರ: ಮೇಷ್ಟ್ರೇ, ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಮೊದಲ ಗುಂಪಿನ ಲೆಕ್ಕ ತಪ್ಪು. ಎರಡನೆಯ ಗುಂಪಿನ ಭಯ ನಿಜ, ಆದರೆ ಅದು ಬೇರೆ ಕಡೆ ಇರಬೇಕಾದ ಭಯ. ದೇವದುರ್ಗದಂಥ ಊರಿಗೆ ದೊಡ್ಡ ಅಪಾಯ ಕಂಪನಿ ಬಂದು ಓಡಿಹೋಗುವುದಲ್ಲ. ಜಮೀನು ಹೋಗಿ, ಕೈಗಾರಿಕಾ ಪ್ರದೇಶ ಅಂತ ಬೋರ್ಡ್ ಬಿದ್ದು, ಆಮೇಲೆ ಯಾರೂ ಬರದೇ ಇರುವುದು.

ಉದ್ಯಮಿಗಳಿಗೆ ಯೋಜನಾ ವರದಿ ಬರೆದುಕೊಡುವುದು, ಅವರ ಜೊತೆ ಜಾಗ ನೋಡಲು ಹೋಗುವುದು, ಸಬ್ಸಿಡಿ ಅರ್ಜಿ ಹಾಕಿಸುವುದು ನನ್ನ ಕಸುಬು. ಜಾಗ ನೋಡಲು ಬಂದವರು ಏನು ಕೇಳುತ್ತಾರೆ ಗೊತ್ತಾ? ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೆ? ಬೇಸಿಗೆಯಲ್ಲಿ ನೀರು ಎಲ್ಲಿಂದ? ಮಾಲು ಇಳಿಸಿದ ಲಾರಿಗೆ ರಿಟರ್ನ್ ಲೋಡ್ ಸಿಗುತ್ತಾ? ಮೆಷಿನ್ ಕೆಟ್ಟರೆ ಫಿಟ್ಟರ್ ಎಷ್ಟು ಹೊತ್ತಿಗೆ ಬರುತ್ತಾನೆ? ಮ್ಯಾನೇಜರ್ ಮಕ್ಕಳಿಗೆ ಶಾಲೆ ಎಲ್ಲಿ? ಇಷ್ಟಾದ ಮೇಲೆ, ಕಾರಿನಲ್ಲಿ ವಾಪಸ್ ಬರುವಾಗ, ‘ಸಬ್ಸಿಡಿ ಎಷ್ಟು ಬರಬಹುದು’ ಎಂಬ ಪ್ರಶ್ನೆ. ಎರಡು ಜಾಗ ಸರಿಸಮ ಇದ್ದಾಗ ಮಾತ್ರ ಸಬ್ಸಿಡಿ ತಕ್ಕಡಿಯನ್ನು ಒಂದು ಕಡೆ ಬಗ್ಗಿಸುತ್ತದೆ. ಒಂದು ಕಡೆ ಏನೂ ಇಲ್ಲದಿದ್ದರೆ ಬಗ್ಗಿಸುವುದಿಲ್ಲ.

ಇನ್ನೊಂದು ವಿಷಯ ನಿಮ್ಮ ಸಮಿತಿಗೆ ಗೊತ್ತಿರಲಿಕ್ಕಿಲ್ಲ. ರಾಯಚೂರಿಗೆ ಇಂಥ ರಿಯಾಯಿತಿ ಹೊಸದಲ್ಲ. 1970ರ ದಶಕದ ಆರಂಭದಲ್ಲೇ ಕೇಂದ್ರ ಸರ್ಕಾರ ಹಿಂದುಳಿದ ಜಿಲ್ಲೆಗಳಿಗೆ ಬಂಡವಾಳ ಸಬ್ಸಿಡಿ ತಂದಿತು. ಹೂಡಿದ ಹಣದ ಶೇ 10, ಆಮೇಲೆ ಶೇ 15. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಮೈಸೂರು, ಧಾರವಾಡ ಮತ್ತು ರಾಯಚೂರು. ಮೂವರಿಗೂ ಒಂದೇ ಸಬ್ಸಿಡಿ. ಮೈಸೂರು, ನಂಜನಗೂಡು ಕಡೆ ಆಮೇಲೆ ಎಷ್ಟು ಕಾರ್ಖಾನೆ ಎದ್ದವು, ರಾಯಚೂರಿನಲ್ಲಿ ಎಷ್ಟು ಎದ್ದವು, ನಿಮಗೇ ಗೊತ್ತು. ಮೈಸೂರಿಗೆ ಬೆಂಗಳೂರು ಹತ್ತಿರವಿತ್ತು. ಕಾಲೇಜುಗಳಿದ್ದವು. ಸಬ್ಸಿಡಿ ಅದರ ಮೇಲೆ ಬಂತು.

ಇವತ್ತೂ ನಿಮ್ಮ ತಾಲ್ಲೂಕು ರಿಯಾಯಿತಿಯಿಂದ ಹೊರಗಿಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಆಗಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದವು. ಅದರಲ್ಲಿ 39 ಅತ್ಯಂತ ಹಿಂದುಳಿದವು, ದೇವದುರ್ಗ ಆ 39ರಲ್ಲಿ ಒಂದು. ರಾಜ್ಯದ ಕೈಗಾರಿಕಾ ನೀತಿಯಲ್ಲೂ ವಲಯಗಳಿವೆ. 2020–25ರ ನೀತಿಯನ್ನೇ ನೋಡಿ. ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ ಜಿಲ್ಲೆಗಳನ್ನು ಮೂರನೇ ವಲಯಕ್ಕೆ ಹಾಕಿ, ಉಳಿದ ಇಡೀ ರಾಜ್ಯವನ್ನು ಒಂದು ಮತ್ತು ಎರಡನೇ ವಲಯಗಳಲ್ಲಿ ಹಂಚಿದರು.

ಇಲ್ಲೇ ಗಂಟಿರುವುದು. ಬೆಂಗಳೂರಿನಿಂದ ಹೊರಗೆ ಕಾಲಿಟ್ಟರೆ ತುಮಕೂರಿನ ವಸಂತನರಸಾಪುರವೂ ರಿಯಾಯಿತಿ ವಲಯ, ಕೋಲಾರದ ನರಸಾಪುರವೂ ರಿಯಾಯಿತಿ ವಲಯ, ದೇವದುರ್ಗವೂ ರಿಯಾಯಿತಿ ವಲಯ. ನಿಮಗೆ ಒಂದಿಷ್ಟು ಜಾಸ್ತಿ ಇರಬಹುದು. ಅಷ್ಟಕ್ಕಾಗಿ ಒಬ್ಬ ಉದ್ಯಮಿ ಬೆಂಗಳೂರಿನ ವಿಮಾನ ನಿಲ್ದಾಣ, ಬಿಡಿಭಾಗದ ಅಂಗಡಿ, ಎಂಜಿನಿಯರ್‌ಗಳನ್ನು ಬಿಟ್ಟು ಅಷ್ಟು ದೂರ ಬರುತ್ತಾನಾ? ನಾನು ಅವನ ಜಾಗದಲ್ಲಿದ್ದರೆ ಬರುತ್ತಿರಲಿಲ್ಲ.

ಇದು ಕರ್ನಾಟಕದ ಕಥೆ ಮಾತ್ರ ಅಲ್ಲ. 2003ರಲ್ಲಿ ಕೇಂದ್ರ ಸರ್ಕಾರ ಉತ್ತರಾಖಂಡ ಮತ್ತು ಹಿಮಾಚಲ ಪ್ರದೇಶಕ್ಕೆ ಭಾರಿ ಪ್ಯಾಕೇಜ್ ಕೊಟ್ಟಿತು. ಕಾರ್ಖಾನೆಯಲ್ಲಿ ತಯಾರಾದ ಮಾಲಿನ ಮೇಲೆ ಕೇಂದ್ರ ಹಾಕುತ್ತಿದ್ದ ಅಬಕಾರಿ ಸುಂಕ ಹತ್ತು ವರ್ಷ ಪೂರ್ತಿ ಮಾಫಿ. ಮೊದಲ ಐದು ವರ್ಷ ಆದಾಯ ತೆರಿಗೆ ಪೂರ್ತಿ ಮಾಫಿ, ಮುಂದಿನ ಐದು ವರ್ಷ ಒಂದು ಪಾಲು ಮಾಫಿ. ಅದರ ಮೇಲೆ ಬಂಡವಾಳ ಸಬ್ಸಿಡಿ ಬೇರೆ. ನಿಮ್ಮ ಸಮಿತಿ ಕೇಳುತ್ತಿರುವುದು ಹೆಚ್ಚು ಕಮ್ಮಿ ಇದನ್ನೇ. ಅಲ್ಲಿ ಕಾರ್ಖಾನೆ ಬಂದವು, ಸುಳ್ಳಲ್ಲ. ಹಿಮಾಚಲದ ಬದ್ದಿಯಲ್ಲಿ ಔಷಧ ಕಂಪನಿಗಳು ಸಾಲಾಗಿ ನಿಂತವು. ನಿಮ್ಮ ಮನೆಯ ಮಾತ್ರೆಯ ಪಟ್ಟಿ ತಿರುಗಿಸಿ ನೋಡಿ, ಬದ್ದಿ ಅಥವಾ ಸೋಲನ್ ಅಂತ ಇರುವ ಸಾಧ್ಯತೆ ಜಾಸ್ತಿ. ಉತ್ತರಾಖಂಡದಲ್ಲಿ ಹರಿದ್ವಾರ, ಪಂತನಗರ, ರುದ್ರಪುರಗಳು ದೊಡ್ಡ ಕೈಗಾರಿಕಾ ಊರುಗಳಾದವು. ಉದ್ಯೋಗ, ಉತ್ಪಾದನೆ ಎರಡೂ ನಿಜವಾಗಿ ಏರಿದವು ಎಂದು ಅರ್ಥಶಾಸ್ತ್ರಜ್ಞರ ಅಧ್ಯಯನವೂ ಹೇಳಿದೆ. ಹಾಗಾಗಿ ‘ಇಂಥ ವಲಯಗಳಿಂದ ಏನೂ ಆಗುವುದಿಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ನಕ್ಷೆ ತೆಗೆದು ನೋಡಿ. ಬದ್ದಿ ಇರುವುದು ಚಂಡೀಗಢದ ಪಕ್ಕ. ಹರಿದ್ವಾರ, ರುದ್ರಪುರ ಇರುವುದು ಬೆಟ್ಟ ಮುಗಿದು ಬಯಲು ಶುರುವಾಗುವ ಕಡೆ, ದೆಹಲಿ ರಸ್ತೆಯಲ್ಲಿ. ರಿಯಾಯಿತಿ ಕೊಟ್ಟಿದ್ದು ಬೆಟ್ಟದ ರಾಜ್ಯಗಳ ಹೆಸರಿನಲ್ಲಿ. ಪಿಥೋರಾಗಢ, ಚಮೋಲಿಯಂಥ ಬೆಟ್ಟದ ಜಿಲ್ಲೆಗಳ ಹುಡುಗರು ಮೊದಲಿನ ಹಾಗೇ ಊರು ಬಿಟ್ಟು ಹೋಗುತ್ತಲೇ ಇದ್ದಾರೆ. ಕಂಪನಿಗಳು ರಿಯಾಯಿತಿ ಸಿಗುವ ಗಡಿಯೊಳಗೆ ಬಂದು, ಗಡಿಗೆ ಅಂಟಿಕೊಂಡೇ ಕೂತವು.

ನಿಮ್ಮ ಪಕ್ಕದ ಯಾದಗಿರಿಯಲ್ಲಿ ಆದದ್ದೂ ಇದೇ. ಕಡೇಚೂರು–ಬಾಡಿಯಾಳದಲ್ಲಿ ಕೆಐಎಡಿಬಿ (ಉದ್ಯಮಗಳಿಗೆ ಜಮೀನು ತೆಗೆದುಕೊಡುವ ರಾಜ್ಯ ಸರ್ಕಾರದ ಮಂಡಳಿ) ಮೂರು ಸಾವಿರ ಎಕರೆಗೂ ಮೇಲೆ ಜಮೀನು ತೆಗೆದುಕೊಂಡಿತು. ಅಲ್ಲಿಗೆ ರೈಲ್ವೆ ಬೋಗಿ ಘಟಕ ಬಂತು, ಔಷಧ ಮತ್ತು ರಾಸಾಯನಿಕ ಕಂಪನಿಗಳು ಬಂದವು. ಸೈದಾಪುರದಲ್ಲಿ ರೈಲು ಇದೆ, ತೆಲಂಗಾಣದ ಗಡಿ ಪಕ್ಕದಲ್ಲೇ, ಹೈದರಾಬಾದಿನ ಔಷಧ ಉದ್ಯಮಕ್ಕೆ ಹತ್ತಿರದ ಜಾಗ. ಎಳೆದದ್ದು ಹೈದರಾಬಾದು, ಸಬ್ಸಿಡಿ ಅಲ್ಲ ಎಂಬುದು ನನ್ನ ಅಂದಾಜು. ಬಂದ ಕಾರ್ಖಾನೆ ಎಂಥದ್ದು ಎಂಬ ಪ್ರಶ್ನೆಯೂ ಅಲ್ಲಿದೆ. ಗಬ್ಬು ವಾಸನೆ, ತ್ಯಾಜ್ಯ ನೀರು ಅಂತ ಸುತ್ತಲಿನ ಹಳ್ಳಿಯವರು ದೂರುತ್ತಲೇ ಇದ್ದಾರೆ. ‘ಯಾವ ಕಂಪನಿಯಾದರೂ ಬರಲಿ’ ಅಂತ ಕೇಳುವ ಊರಿಗೆ ಬೇರೆ ಊರಿನವರು ಬೇಡ ಅಂದ ಕಾರ್ಖಾನೆ ಬರುತ್ತದೆ. ಮನವಿಯಲ್ಲಿ ‘ಯಾವುದಾದರೂ’ ಎಂಬ ಪದ ದಯವಿಟ್ಟು ಬಳಸಬೇಡಿ.

ತೆರಿಗೆ ಬಿಟ್ಟು ವಲಯ ಮಾಡುವ ಈ ಐಡಿಯಾ ಎಲ್ಲಿಂದ ಬಂತು ಅಂತ ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ಅಲ್ಲಿನ ಅನುಭವ ನಿಮ್ಮ ನಾಲ್ಕು ಎಕರೆಗೂ ಸಂಬಂಧಿಸಿದ್ದು. 1977ರಲ್ಲಿ ಇಂಗ್ಲೆಂಡಿನ ಪೀಟರ್ ಹಾಲ್ ಎಂಬ ಭೂಗೋಳ ಪ್ರಾಧ್ಯಾಪಕರು ಒಂದು ವಾದ ಇಟ್ಟರು. ಪಾಳುಬಿದ್ದ ನಗರ ಭಾಗಗಳಲ್ಲಿ ತೆರಿಗೆ, ನಿಯಮ ಎಲ್ಲ ಸಡಿಲಿಸಿ ನೋಡೋಣ ಎಂಬುದು ಅದರ ತಿರುಳು. ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಅದನ್ನು ಹಿಡಿದುಕೊಂಡಿತು. 1981ರಿಂದ ವಲಯಗಳು ಶುರುವಾದವು. ಹತ್ತು ವರ್ಷ ಸ್ಥಳೀಯ ಆಸ್ತಿ ತೆರಿಗೆ ಇಲ್ಲ, ಕಟ್ಟಡದ ಖರ್ಚನ್ನೆಲ್ಲ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯಬಹುದು, ಪರವಾನಗಿ ಸಲೀಸು. ಹಡಗುಕಟ್ಟೆಗಳು ಮುಚ್ಚಿ ಹಾಳು ಸುರಿಯುತ್ತಿದ್ದ ಲಂಡನ್ನಿನ ಐಲ್ ಆಫ್ ಡಾಗ್ಸ್‌ನಲ್ಲಿ ಇವತ್ತು ಗಗನಚುಂಬಿ ಕಟ್ಟಡಗಳಿವೆ. ಅದು ‘ಸಿಟಿ’ ಎಂಬ ಲಂಡನ್ನಿನ ಹಣಕಾಸು ಕೇಂದ್ರದ ಮಗ್ಗುಲಲ್ಲೇ ಇತ್ತು ಎಂಬುದನ್ನು ಮರೆಯಬೇಡಿ.

ಬ್ರಿಟನ್ನಿನ ಬೇರೆ ವಲಯಗಳಲ್ಲಿ ಎರಡು ಸಂಗತಿ ಕಂಡವು. ಒಂದು, ವಲಯಕ್ಕೆ ಬಂದ ಬಹಳಷ್ಟು ಕಂಪನಿಗಳು ಹೊಸವಲ್ಲ. ಪಕ್ಕದ ಬೀದಿ, ಪಕ್ಕದ ಊರಿನಿಂದ ಎದ್ದು ಬಂದವು. ಒಟ್ಟು ಲೆಕ್ಕದಲ್ಲಿ ಉದ್ಯೋಗ ಅಷ್ಟೇನೂ ಜಾಸ್ತಿಯಾಗಲಿಲ್ಲ. ಬ್ರಿಟನ್ ಇದೇ ಯೋಜನೆಯನ್ನು 2012ರ ಹೊತ್ತಿಗೆ ಮತ್ತೆ ತಂದಾಗಲೂ ಹೀಗೇ ಆಯಿತು. ಮೊದಲು ಹಾಕಿಕೊಂಡ ಅಂದಾಜು ಸುಮಾರು 54 ಸಾವಿರ ಹೊಸ ಉದ್ಯೋಗ. 2017ರ ಹೊತ್ತಿಗೆ ಬಂದದ್ದು 17 ಸಾವಿರದ ಆಸುಪಾಸು, ಅದರಲ್ಲೂ ಮೂರನೇ ಒಂದು ಭಾಗ ಬೇರೆ ಕಡೆಯಿಂದ ಎದ್ದು ಬಂದವು. ಎರಡು, ತೆರಿಗೆ ಬಿಟ್ಟ ಹಣದ ದೊಡ್ಡ ಪಾಲು ಕಾರ್ಮಿಕರಿಗೂ ಹೋಗಲಿಲ್ಲ, ಬಾಡಿಗೆಗೆ ಬಂದ ಕಂಪನಿಗೂ ಪೂರ್ತಿ ಉಳಿಯಲಿಲ್ಲ. ಜಾಗದ ಮಾಲೀಕರು ಬಾಡಿಗೆ ಏರಿಸಿ ಅದನ್ನು ತಮ್ಮ ಜೇಬಿಗೆ ಹಾಕಿಕೊಂಡರು. ನಿಮ್ಮ ಮನೆಗೆ ಮುಂಗಡ ಹಿಡಿದು ಬರುತ್ತಿರುವ ಬ್ರೋಕರ್ ಇದನ್ನೆಲ್ಲ ಓದಿಲ್ಲ, ಆದರೆ ಈ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತು.

ಇನ್ನು ‘ಹತ್ತು ವರ್ಷ ತೆರಿಗೆ ಬೇಡ’ ಎಂಬ ಬೇಡಿಕೆ. ಇದು ಇವತ್ತು ಹಳೇ ನೋಟಿನ ಹಾಗೆ, ಚಲಾವಣೆಯಲ್ಲಿಲ್ಲ. ಅಬಕಾರಿ ಸುಂಕ 2017ರಲ್ಲಿ ಜಿಎಸ್‌ಟಿಯೊಳಗೆ ಸೇರಿಹೋಯಿತು. ಜಿಎಸ್‌ಟಿಯಲ್ಲಿ ಒಂದು ಊರಿಗೆ ಮಾತ್ರ ತೆರಿಗೆ ಬಿಡುವ ದಾರಿ ಇಲ್ಲ. ಮೊದಲು ಕಟ್ಟಬೇಕು, ಆಮೇಲೆ ಸರ್ಕಾರ ಬೇಕಾದರೆ ವಾಪಸ್ ಕೊಡಬಹುದು. ಬದ್ದಿ, ಹರಿದ್ವಾರದ ಕಂಪನಿಗಳಿಗೆ ಪೂರ್ತಿ ಮಾಫಿ ಎಂಬ ಮಾತು ಇತ್ತಲ್ಲ, ಜಿಎಸ್‌ಟಿ ಬಂದ ಮೇಲೆ ಅವರಿಗೆ ವಾಪಸ್ ಸಿಕ್ಕಿದ್ದು ನಗದಾಗಿ ಕಟ್ಟಿದ ಕೇಂದ್ರ ಜಿಎಸ್‌ಟಿಯ ಶೇ 58 ಮಾತ್ರ. ಆದಾಯ ತೆರಿಗೆಯ ಕಥೆಯೂ ಹಾಗೇ. 2019ರಲ್ಲಿ ಕಂಪನಿ ತೆರಿಗೆಯನ್ನು ದೇಶಕ್ಕೆಲ್ಲ ಶೇ 22ಕ್ಕೆ ಇಳಿಸಿದರು, ಬೇರೆ ರಿಯಾಯಿತಿ ಕೇಳದಿದ್ದರೆ ಸಾಕು ಎಂಬ ಷರತ್ತಿನ ಮೇಲೆ. ಎಲ್ಲ ಊರಿಗೂ ಕಡಿಮೆಯಾದ ಮೇಲೆ ಹಿಂದುಳಿದ ಊರಿನ ಆಕರ್ಷಣೆ ಏನು ಉಳಿಯಿತು? ರಫ್ತಿನ ವಿಶೇಷ ಆರ್ಥಿಕ ವಲಯಗಳ ಆದಾಯ ತೆರಿಗೆ ವಿನಾಯಿತಿಯೂ ಹೊಸ ಘಟಕಗಳಿಗೆ 2020ಕ್ಕೇ ಮುಗಿಯಿತು. ರಾಜ್ಯ ಸರ್ಕಾರದ ಕೈಯಲ್ಲಿ ಈಗ ಉಳಿದಿರುವುದು ಬಂಡವಾಳದ ಮೇಲೆ ಅಥವಾ ವಹಿವಾಟಿನ ಮೇಲೆ ಕೊಡುವ ನಗದು, ಮುದ್ರಾಂಕ ಶುಲ್ಕದಂಥ ಸಣ್ಣಪುಟ್ಟ ವಿನಾಯಿತಿ. ಅದು ಕೈಗೆ ಬರುವುದು ತಡ. ನಾನು ವರದಿ ಬರೆಯುವಾಗ ಸಬ್ಸಿಡಿಯನ್ನು ಸೊನ್ನೆ ಎಂದಿಟ್ಟುಕೊಂಡೇ ಲೆಕ್ಕ ಹಾಕುತ್ತೇನೆ. ಆಗಲೂ ಲಾಭ ಕಂಡರೆ ಮಾತ್ರ ಮುಂದುವರಿಯಿರಿ ಅನ್ನುತ್ತೇನೆ. ಬ್ಯಾಂಕಿನವರೂ ಅದನ್ನೇ ನೋಡುತ್ತಾರೆ.

ಈಗ ಓಡಿಹೋಗುವವರ ವಿಷಯ. ಕೆಲವರು ಓಡುತ್ತಾರೆ, ಇಲ್ಲ ಎನ್ನಲಾರೆ. ಷರತ್ತಿನ ಅವಧಿ ಮುಗಿದ ಮೇಲೆ ಮೆಷಿನ್ ಬಿಚ್ಚಿಕೊಂಡು ಹೋಗುವುದು ಹಗುರ ಉದ್ಯಮಗಳಲ್ಲಿ ಸುಲಭ. ಆದರೆ ಇದಕ್ಕಿಂತ ಜಾಸ್ತಿ ನಡೆಯುವುದು ಬೇರೆ. ಜಮೀನು ತೆಗೆದುಕೊಂಡು ಸುಮ್ನೆ ಕೂರುವುದು. 2014ರಲ್ಲಿ ಸರ್ಕಾರಿ ಲೆಕ್ಕಪತ್ರ ಪರಿಶೋಧಿಸುವ ಸಿಎಜಿ ವಿಶೇಷ ಆರ್ಥಿಕ ವಲಯಗಳ ಲೆಕ್ಕ ತೆಗೆದಾಗ ದೇಶದಲ್ಲಿ ಅಧಿಸೂಚನೆ ಆದ ಸುಮಾರು 45 ಸಾವಿರ ಹೆಕ್ಟೇರ್‌ನಲ್ಲಿ ಕೆಲಸ ಶುರುವಾದದ್ದು 28 ಸಾವಿರ ಹೆಕ್ಟೇರ್‌ನಲ್ಲಿ ಮಾತ್ರ. ಅಷ್ಟು ದೂರ ಯಾಕೆ? ಬಳ್ಳಾರಿಯ ಕುಡತಿನಿಗೆ ಒಂದು ಸಲ ಹೋಗಿ ಬನ್ನಿ. 2010ರ ಸುಮಾರಿಗೆ ಉಕ್ಕಿನ ಕಾರ್ಖಾನೆಗೆಂದು ಅಲ್ಲಿ ಸಾವಿರಾರು ಎಕರೆ ತೆಗೆದುಕೊಂಡರು. ಕಾರ್ಖಾನೆ ಬರಲಿಲ್ಲ. ರೈತರು ವರ್ಷಗಟ್ಟಲೆ ಧರಣಿ ಕೂತರು. ನಿಮ್ಮ ಸಮಿತಿಯವರು ಮನವಿ ಕೊಡುವ ಮುಂಚೆ ಅವರ ಜೊತೆ ಕೂತು ಮಾತಾಡುವುದು ಒಳ್ಳೆಯದು.

ಬೆಳಗಾವಿಯ ಹತ್ತರಗಿಯನ್ನೂ ನೋಡಿ, ಅದು ಇದಕ್ಕೆ ತದ್ವಿರುದ್ಧ. ಹೆದ್ದಾರಿ ಪಕ್ಕ 250 ಎಕರೆಯ ಒಂದು ವಲಯದಲ್ಲಿ ವಿಮಾನದ ಬಿಡಿಭಾಗ ತಯಾರಾಗುತ್ತದೆ. ರಾಜಧಾನಿಯಿಂದ ಅಷ್ಟು ದೂರ ಇದು ಹೇಗೆ ನಿಂತಿತು? ಬೆಳಗಾವಿಯ ಉದ್ಯಮಬಾಗ್‌ನಲ್ಲಿ ದಶಕಗಳಿಂದ ಫೌಂಡ್ರಿಗಳಿವೆ, ಹೈಡ್ರಾಲಿಕ್ಸ್ ಕೆಲಸ ಇದೆ. ಲೇತ್ ಮುಂದೆ ನಿಂತು ಬೆಳೆದ ಹುಡುಗರಿದ್ದರು. ವಲಯ ಬರುವ ಮುಂಚೆಯೇ ಕೈಗೆ ಕಸುಬು ಇತ್ತು.

ನಿಮ್ಮ ಕಡೆಯೂ ಬರಿಗೈ ಅಲ್ಲ. ಸಿಂಧನೂರು, ಗಂಗಾವತಿಯ ಅಕ್ಕಿ ಗಿರಣಿಗಳನ್ನು ಯಾವ ವಿಶೇಷ ವಲಯವೂ ಹುಟ್ಟಿಸಲಿಲ್ಲ. ತುಂಗಭದ್ರಾ ಕಾಲುವೆಯಲ್ಲಿ ನೀರು ಬಂತು, ಭತ್ತ ಬಂತು, ಹಿಂದೆಯೇ ಗಿರಣಿ ಬಂತು. ಈಗ ನಾರಾಯಣಪುರ ಬಲದಂಡೆ ಕಾಲುವೆ ನಿಮ್ಮ ತಾಲ್ಲೂಕಿನಲ್ಲೂ ಹರಿಯುತ್ತದೆ. ರಾಯಚೂರಿನಲ್ಲಿ ದೊಡ್ಡ ಹತ್ತಿ ಮಾರುಕಟ್ಟೆ ಇದೆ. ಆ ಹತ್ತಿ ಜಿನ್ನಿಂಗ್ ಆಗಿ ಬೇಲ್ ಕಟ್ಟಿಕೊಂಡು ಬೇರೆ ರಾಜ್ಯಕ್ಕೆ ಹೋಗುತ್ತದೆ. ನೂಲು ಅಲ್ಲಿ, ಬಟ್ಟೆ ಅಲ್ಲಿ, ಸಂಬಳವೂ ಅಲ್ಲಿ. ವಿದ್ಯುತ್ತಿನ ಕಥೆಯೂ ಅಷ್ಟೇ ಅಲ್ವಾ? ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಬೂದಿ ನಿಮಗೆ, ಬೆಳಕು ರಾಜ್ಯಕ್ಕೆ.

ಹಾಗಾದರೆ ಮನವಿಯಲ್ಲಿ ಏನು ಬರೆಯುವುದು? ನಾನಾಗಿದ್ದರೆ ತೆರಿಗೆಯ ಮಾತನ್ನು ಕೊನೆಯ ಸಾಲಿಗೆ ತಳ್ಳುತ್ತಿದ್ದೆ. ಮೊದಲು ಕೇಳಬೇಕಾದದ್ದು ಕಂಪನಿ ಹೋದರೂ ಊರಿನಲ್ಲೇ ಉಳಿಯುವಂಥದ್ದು. ಕೈಗಾರಿಕೆಗೆ ಬೇರೆ ಫೀಡರ್ (ಪ್ರತ್ಯೇಕ ವಿದ್ಯುತ್ ಲೈನ್) ಇರುವ ಸಬ್‌ಸ್ಟೇಷನ್. ರಾಯಚೂರು ರೈಲು ನಿಲ್ದಾಣಕ್ಕೆ ಭಾರದ ಲಾರಿ ತಡೆಯುವ ರಸ್ತೆ. ಮೆಷಿನ್ ಕೆಲಸ ಕಲಿಸುವ ಸರ್ಕಾರಿ ಸಂಸ್ಥೆ ಜಿಟಿಟಿಸಿ ಮಾದರಿಯ ತರಬೇತಿ ಕೇಂದ್ರ, ಅದರ ಜೊತೆ ಹೆಣ್ಣುಮಕ್ಕಳಿಗೊಂದು ಹಾಸ್ಟೆಲ್. ಹಣ ಎಲ್ಲಿಂದ ಅಂತ ಕೇಳಿದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯನ್ನು ತೋರಿಸಿ. ಈಚಿನ ಬಜೆಟ್‌ಗಳಲ್ಲಿ ಅದಕ್ಕೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ಈ ದಾರಿಯ ತೊಂದರೆ ಏನೆಂದರೆ ಫಲ ನಿಧಾನ. ಐದು ವರ್ಷ ಏನೂ ಕಾಣದೇ ಇರಬಹುದು. ಚುನಾವಣೆಗೆ ನಿಲ್ಲುವವರಿಗೆ ಇದು ಇಷ್ಟವಾಗುವುದಿಲ್ಲ.

ಇನ್ನೊಂದು ದಾರಿ, ದೊಡ್ಡ ವಲಯದ ಬದಲು ಸಣ್ಣದು. ಸಾವಿರ ಎಕರೆ ಬೇಡ, ಐವತ್ತು ಎಕರೆ ಸಾಕು. ಅಲ್ಲೇ ಶೆಡ್ ಕಟ್ಟಿ ಬಾಡಿಗೆಗೆ ಕೊಡಲಿ. ಹೊಲಿಗೆ ಘಟಕ, ಬೇಳೆ ಗಿರಣಿ, ಹತ್ತಿಬೀಜದ ಎಣ್ಣೆ, ಗೋಡೌನ್ ಇಂಥವಕ್ಕೆ ಜಮೀನು ಕೊಳ್ಳುವ ಶಕ್ತಿ ಇರುವುದಿಲ್ಲ, ಬಾಡಿಗೆ ಕಟ್ಟುವ ಶಕ್ತಿ ಇರುತ್ತದೆ. ತುಂಬಿದ ಮೇಲೆ ಮುಂದಿನ ಐವತ್ತು ಎಕರೆ. ಇದರಲ್ಲೂ ಅಪಾಯ ಇದೆ. ಶೆಡ್ ಹಂಚಿಕೆ ಯಾರ ಕೈಯಲ್ಲಿದೆಯೋ ಅವರ ನೆಂಟರಿಗೇ ಸಿಗಬಹುದು. ಹಂಚಿಕೆಯ ಪಟ್ಟಿ ಪಂಚಾಯಿತಿ ಗೋಡೆಗೆ ಅಂಟಿಸಬೇಕೆಂದು ಮನವಿಯಲ್ಲೇ ಬರೆಯಿರಿ.

ಸಬ್ಸಿಡಿಯನ್ನು ಕೇಳಲೇಬೇಕೆಂದರೆ ಮೆಷಿನ್ ಮೇಲೆ ಕೇಳಬೇಡಿ, ಜನರ ಮೇಲೆ ಕೇಳಿ. ಸುಮ್ಮನೆ ಒಂದು ಲೆಕ್ಕ ಹಾಕೋಣ. ಹತ್ತು ಕೋಟಿ ಹೂಡಿಕೆಗೆ ಶೇ 20 ಅಂದರೆ ಎರಡು ಕೋಟಿ. ಅದು ನಲವತ್ತು ಜನರ ರಾಸಾಯನಿಕ ಘಟಕವಾದರೆ ಒಂದು ಕೆಲಸಕ್ಕೆ ಸರ್ಕಾರ ಐದು ಲಕ್ಷ ಕೊಟ್ಟ ಹಾಗಾಯಿತು. ಅದೇ ಹಣದಲ್ಲಿ ನಾನೂರು ಜನರ ಹೊಲಿಗೆ ಘಟಕವಾದರೆ ಐವತ್ತು ಸಾವಿರ. ಬಂಡವಾಳದ ಮೇಲೆ ಕೊಡುವ ಸಬ್ಸಿಡಿ ಜನರ ಬದಲು ಮೆಷಿನ್ ಹಾಕಿದವನಿಗೇ ಜಾಸ್ತಿ ಕೊಡುತ್ತದೆ. ಪಿಎಫ್ ಖಾತೆಯಲ್ಲಿ ಸ್ಥಳೀಯರ ಹೆಸರು ಎಷ್ಟಿದೆಯೋ ಅಷ್ಟಕ್ಕೆ, ವರ್ಷ ವರ್ಷ ಕಂತಿನಲ್ಲಿ ಹಣ ಕೊಡಿ ಎಂದು ಕೇಳಿ. ಕೆಲಸ ನಿಂತರೆ ಹಣವೂ ನಿಲ್ಲುತ್ತದೆ. ಕೇಂದ್ರ ಸರ್ಕಾರವೂ 2025ರ ಆಗಸ್ಟ್‌ನಿಂದ ಹೊಸ ನೇಮಕಾತಿಗೆ ಮಾಲೀಕರಿಗೆ ತಿಂಗಳಿಗೆ ತಲಾ 3,000 ರೂಪಾಯಿವರೆಗೆ ಕೊಡುವ ಯೋಜನೆ ಶುರು ಮಾಡಿದೆ, ಹಾಗಾಗಿ ಇದು ಅಸಾಧ್ಯದ ಬೇಡಿಕೆಯೇನಲ್ಲ. ಸ್ಥಳೀಯರಿಗೆ ಶೇ 70, ಡಿ ಗುಂಪಿನಲ್ಲಿ ಶೇ 100 ಎಂಬ ಷರತ್ತು ಕೈಗಾರಿಕಾ ನೀತಿಯಲ್ಲಿ ಈಗಾಗಲೇ ಇದೆ. ಗುತ್ತಿಗೆದಾರನ ಮೂಲಕ ನೇಮಿಸಿದರೆ ಆ ಲೆಕ್ಕ ಯಾರೂ ಕೇಳುವುದಿಲ್ಲ. ಪಿಎಫ್ ಪಟ್ಟಿ ಕೇಳಿ ಅಂದದ್ದು ಅದಕ್ಕೇ.

ಗುಳೆ ಪೂರ್ತಿ ನಿಲ್ಲುತ್ತದೆ ಎಂದು ಮಾತ್ರ ಯಾರಿಗೂ ಭರವಸೆ ಕೊಡಬೇಡಿ. ಬೆಂಗಳೂರಿನಲ್ಲಿ ಸೆಂಟ್ರಿಂಗ್ ಮಾಡುವವನಿಗೆ ದಿನಕ್ಕೆ ಸಿಗುವ ಕೂಲಿಯನ್ನು ಹೊಲಿಗೆ ಘಟಕ ಕೊಡುವುದಿಲ್ಲ. ಗಂಡಸರು ಹೋಗುತ್ತಲೇ ಇರಬಹುದು. ಆದರೆ ಹೆಂಡತಿ ಮಕ್ಕಳು ಊರಿನಲ್ಲಿ ಉಳಿದು, ಮಕ್ಕಳ ಶಾಲೆ ಅರ್ಧಕ್ಕೆ ನಿಲ್ಲದಂತೆ ಆಗಬಹುದು. ಮೇಷ್ಟ್ರಾಗಿ ಇದರ ಬೆಲೆ ನಿಮಗೆ ಗೊತ್ತಿದೆ.

ಕೊನೆಗೆ ನಿಮ್ಮ ನಾಲ್ಕು ಎಕರೆ. ವಲಯ ಇನ್ನೂ ಕಾಗದದ ಮೇಲೂ ಬಂದಿಲ್ಲ. ಈಗ ಮುಂಗಡ ತೆಗೆದುಕೊಂಡು ಕರಾರು ಮಾಡಿಕೊಟ್ಟರೆ, ಬೆಲೆ ಏರಿದಾಗ ಲಾಭ ಬ್ರೋಕರ್‌ಗೆ, ವಲಯ ಬರದಿದ್ದರೆ ತಕರಾರು ನಿಮಗೆ. ಖಾಲಿ ಕಾಗದಕ್ಕೆ, ಜಿಪಿಎಗೆ (ನಿಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ) ಸಹಿ ಹಾಕಲೇಬೇಡಿ. ಈಗಲೇ ಮಾಡಬೇಕಾದದ್ದು ಅಣ್ಣತಮ್ಮಂದಿರ ಪಾಲು ಪಹಣಿಯಲ್ಲಿ ಸರಿಯಾಗಿ ಬಂದಿದೆಯಾ ನೋಡುವುದು, ಪೋಡಿ (ಅಳತೆ ಮಾಡಿ ಪಾಲು ಬೇರೆ ಬೇರೆ ಮಾಡಿ ದಾಖಲಿಸುವುದು) ಆಗಿಲ್ಲದಿದ್ದರೆ ಮಾಡಿಸುವುದು. ಪರಿಹಾರದ ಸಮಯದಲ್ಲಿ ಜಗಳ ಏಳುವುದೇ ಅಲ್ಲಿ. ಮುಂದೆ ಕೆಐಎಡಿಬಿ ಕಾಯ್ದೆಯ 28ನೇ ಸೆಕ್ಷನ್ನಿನಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಬಿದ್ದು ನಿಮಗೆ ನೋಟಿಸ್ ಬಂದರೆ, ಆಕ್ಷೇಪಣೆ ಸಲ್ಲಿಸಲು 30 ದಿನ ಇರುತ್ತದೆ. ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆಯಿರಿ. ವಿಚಾರಣೆಗೆ ಕರೆದಾಗ ಖುದ್ದು ಹೋಗಿ. ಅಂತಿಮ ಅಧಿಸೂಚನೆ ಆದ ಮೇಲೆ ಬೆಲೆಯ ಮಾತುಕತೆ ಇರುತ್ತದೆ. ಆ ಮಾತುಕತೆಗೆ ಒಬ್ಬೊಬ್ಬರೇ ಹೋಗಬೇಡಿ, ಸುತ್ತಲಿನ ಹೊಲದವರೆಲ್ಲ ಒಟ್ಟಿಗೆ ಹೋಗಿ. ಮನವಿಯ ಕರಡು ಸಿದ್ಧವಾದರೆ ಕಳಿಸಿ, ಓದಿ ಹೇಳುತ್ತೇನೆ.